ಹನ್ನೊಂದನೆಯ ಕರಡು

ಕೂತುಕೋ ಮಗು. ಚಹಾ ಆರಲಿ ಬಿಡು.
ಶತಮಾನೋತ್ಸವಕ್ಕೆ ಎರಡು ಮಾತು ಬೇಕೆಂದೆಯಲ್ಲ,
ಕಂಚಿನ ಫಲಕಕ್ಕೆ ಹಿಡಿಸುವಷ್ಟು.
ನನ್ನ ಬಳಿ ಅಷ್ಟು ಚಿಕ್ಕ ಮಾತಿಲ್ಲ.

ವಿದೇಶಾಂಗ ಇಲಾಖೆ ಎಂದರೆ ಆಗ
ರೈಲು ನಿಲ್ದಾಣದ ಹಿಂದಿನ ಚರ್ಮದ ಗೋದಾಮು.
ಒಂದು ಮೇಜು, ಮೂರು ಕುರ್ಚಿ, ಒಂದು ಟೈಪ್‌ರೈಟರು,
ಹಸಿ ತೊಗಲಿನ ವಾಸನೆ ಹಿಡಿದ ಭೂಪಟ.
ಅದರಲ್ಲಿ ನಮ್ಮ ದೇಶ ಹೊಸದಾಗಿ ಅಂಟಿಸಿದ್ದು,
ಅಂಚು ಇನ್ನೂ ಸುರುಳಿಯೇಳುತ್ತಿತ್ತು.
ಕಡಲು? ಅದು ಪಕ್ಕದವರದು.
ಹಳಿ, ಬಂದರು, ಉಪ್ಪು, ಸೀಮೆಎಣ್ಣೆ, ಕೊನೆಗೆ
ನಮ್ಮ ಅಂಚೆಚೀಟಿಯ ಹಿಂದಿನ ಗೋಂದು ಕೂಡ.
ಅವರೋ, ಬೆಂಚಿಗೂ ನಲ್ಲಿಗೂ ಮೈಬಣ್ಣ ನೋಡಿ ಹಲಗೆ ನೆಟ್ಟವರು;
ನಾನು ಅವರ ಅಂಗಡಿಯಲ್ಲಿ
ಕಿಟಕಿಯಾಚೆ ನಿಂತು ಸಕ್ಕರೆ ಕೊಂಡವಳು.

ಸಿಡಿಲು ಎಂದು ಹೆಸರಿಟ್ಟಿದ್ದಳು ಅವರಮ್ಮ, ತ್ಲಾದಿ ಎಂದು.
ಮನುಷ್ಯ ಮಾತ್ರ ತಗ್ಗಿದ ದನಿ, ದಪ್ಪ ಕನ್ನಡಕ,
ಮೊಣಕೈಗೆ ತೇಪೆ ಹಾಕಿದ ಒಂದೇ ಕೋಟು.
ಮೊದಲ ದಿನವೇ ನನ್ನ ಕರಡಿನಲ್ಲಿ
'ಮಿತ್ರರಾಷ್ಟ್ರ' ಎಂಬುದನ್ನು ಹೊಡೆದುಹಾಕಿ
'ನೆರೆಯವರು' ಎಂದು ಬರೆದರು.
"ಮಿತ್ರ ಅಂದರೆ ಸುಳ್ಳು, ತ್ಶೆನೊಲೊ. ಶತ್ರು ಅಂದರೆ ಉಪ್ಪಿಲ್ಲ.
ಬೇಲಿ ಇರುವುದು ನಿಜ. ಅಷ್ಟೇ ಬರಿ."

ಪೂರ್ವದಿಂದ ಬಂದವರು ಟ್ರ್ಯಾಕ್ಟರು ಕೊಟ್ಟರು,
ಪಶ್ಚಿಮದಿಂದ ಬಂದವರು ಹಾಲಿನ ಪುಡಿ.
ಇಬ್ಬರಿಗೂ ಒಂದೇ ಅಳತೆಯ ಧನ್ಯವಾದ.
ಸಾಲು ಎಣಿಸುತ್ತಿದ್ದರು, ಹೆಚ್ಚುಕಡಿಮೆಯಾದರೆ
ಮತ್ತೆ ಟೈಪು ಮಾಡಿಸುತ್ತಿದ್ದರು.
ಟ್ರ್ಯಾಕ್ಟರಿನ ಕೈಪಿಡಿ ಯಾರಿಗೂ ಓದಲು ಬರಲಿಲ್ಲ.
ಹಾಲಿನ ಪುಡಿ ಕಲಸಿ ನಮ್ಮಕ್ಕ ಗೋಡೆಗೆ ಬಳಿದಳು.
"ಉಣ್ಣೋಣ," ಎನ್ನುತ್ತಿದ್ದರು,
"ಹಂಗಿನ ಲೆಕ್ಕ ಇಟ್ಟುಕೊಂಡು ಉಣ್ಣೋಣ."

ಆ ಜೂನ್ ತಿಂಗಳ ಚಳಿಯಲ್ಲಿ
ಬೇಲಿ ನುಸುಳಿ ನಲವತ್ತು ಜನ ಬಂದರು,
ಶಾಲೆಯ ಸಮವಸ್ತ್ರದಲ್ಲೇ ಕೆಲವರು.
ಮೂರನೆಯ ದಿನ ಪತ್ರ: ಮರಳಿಸಿ.
ಹತ್ತು ಕರಡು ಹರಿದರು.
ಹನ್ನೊಂದನೆಯದು ಒಂದೇ ವಾಕ್ಯ:
'ತಮ್ಮ ಪತ್ರ ತಲುಪಿದಾಗ ಅತಿಥಿಗಳು ಮಲಗಿದ್ದರು,
ಮಲಗಿದವರನ್ನು ಎಬ್ಬಿಸುವ ವಾಡಿಕೆ ನಮ್ಮಲ್ಲಿಲ್ಲ.'

ಹತ್ತೊಂಬತ್ತು ದಿನ ರೈಲು ಬರಲಿಲ್ಲ.
ಆಸ್ಪತ್ರೆಯಲ್ಲಿ ಲಾಟೀನು ಆರಿತು.
ಖೊಟ್ಲದ ಮರದಡಿ ಊರು ಕೂಡಿದಾಗ
ಮುದುಕಿಯೊಬ್ಬಳು ಎದ್ದು ಕೇಳಿದಳು:
"ನಿನ್ನ ಅತಿಥಿಗಳು ಇನ್ನೂ ಎದ್ದಿಲ್ಲವೇನಪ್ಪಾ?"
ಎಲ್ಲರೂ ನಕ್ಕರು. ಅವರೂ ನಕ್ಕರು.
ನಕ್ಕು ಮುಗಿಸಿ, ಟೋಪಿ ತೆಗೆದು, ನೆಲ ನೋಡುತ್ತ ನಿಂತರು.
ಉಪ್ಪಿಲ್ಲದ ಗಂಜಿಯನ್ನು
ಯಾರೂ ಬೈಯದೆ ಉಂಡರು ಎಂದು ಬರೆಯಬೇಡ. ಬೈದರು.

ಇಷ್ಟು ನಿಮ್ಮ ಪಠ್ಯದಲ್ಲಿದೆ.
ಇನ್ನೊಂದು ಕಾಗದವೂ ಇದೆ.
ಮೂವತ್ತೊಂಬತ್ತು ಜನರನ್ನು ಉತ್ತರದ ಲಾರಿ ಹತ್ತಿಸಿದ ಮೇಲೆ
ಒಬ್ಬನ ಹೆಸರು ನನ್ನ ಕೈಯಲ್ಲೇ ಟೈಪಾಯಿತು:
ವುಸುಮುಜಿ, ವಯಸ್ಸು ಇಪ್ಪತ್ತೆರಡು, ಎಡಗಾಲು ಕುಂಟು.
ಅವನನ್ನು ಗಡಿಯ ಗೇಟಿಗೆ 'ತಲುಪಿಸಲಾಗಿದೆ'.
ಆ ಪದ ಸೂಚಿಸಿದ್ದು ನಾನೇ.
ಅವರು ಬಹಳ ಹೊತ್ತು ನೋಡಿ, ಸಹಿ ಹಾಕಿ,
ಆ ಚಳಿಯಲ್ಲಿ ಕೋಟು ಮರೆತು ಮನೆಗೆ ಹೋದರು.
ಮರುದಿನ ವ್ಯಾಗನ್ನುಗಳು ಬಂದವು. ಎಣಿಸಿದೆ: ಇಪ್ಪತ್ತಾರು.

ಈಗ ನೀವೆಲ್ಲ ದೂರದ ರಾಜಧಾನಿಗಳಲ್ಲಿ
'ತ್ಲಾದಿ ಪರಂಪರೆ' ಎನ್ನುತ್ತೀರಿ. ಎನ್ನಿ.
ಎರಡು ಬಣಗಳ ನಡುವೆ ಕುರ್ಚಿ ಎಳೆದುಕೊಳ್ಳುವುದನ್ನು,
ಬಾಗದೆ ಕೈಕುಲುಕುವುದನ್ನು ಅವರಿಂದಲೇ ಕಲಿತಿರಿ.
ಹನ್ನೊಂದನೆಯ ಕರಡೇ ಮುಂದೆ ಕಾನೂನಾಯಿತು;
ಎಷ್ಟೋ ಸಾವಿರ ಜನ ಅದರ ನೆರಳಲ್ಲಿ ಮಲಗಿದರು.
ಇನ್ನೊಂದು ಕಾಗದ ಏನೂ ಆಗಲಿಲ್ಲ.
ಸಾಯುವ ಮುಂಚೆ ಒಮ್ಮೆ ಕೇಳಿದ್ದರು:
"ಆ ಹುಡುಗನಿಗೆ ಯಾವ ಕಾಲು ಕುಂಟು?"
ಎಡಗಾಲು ಎಂದೆ.
ಗೊತ್ತಿತ್ತು ಅವರಿಗೆ.

ಕಾರ್ಬನ್ ಪ್ರತಿ ಸಕ್ಕರೆ ಡಬ್ಬಿಯ ತಳದಲ್ಲಿದೆ.
ಫಲಕಕ್ಕೆ ಬೇಡ. ಓದು, ಸಾಕು.
ಬೆಳಕಿಗೆ ಹಿಡಿದು ಓದಬೇಕು, ನೀಲಿ ಮಾಸಿದೆ.
ಬೆರಳಿಗೆ ಮಾತ್ರ ಇನ್ನೂ ಹತ್ತುತ್ತದೆ.
ಅಗೋ, ನಾಲ್ಕೂಕಾಲರ ಗಾಡಿ.
ತಡಿ, ಎಣಿಸಿ ಬರುತ್ತೇನೆ.