ಅರವತ್ತೊಂದು ಕುದುರೆ

ಗುರುವಾರದ ಸಂತೆಯಲ್ಲಿ ಕೊಂಡನಂತೆ:
ಕೆಂಪು ಕೊಳವೆ, ತುದಿಗೆ ಅಣಬೆಯಂಥ ಫಿಲ್ಟರು.
ಅಬ್ದೋನ್ ತಿಕೋನಾ ಅದನ್ನು ತಾನೇ ಕೂರಿಸಿ
ಬಿಯರು ಚಿಮುಕಿಸಿ, ಬಣ್ಣದ ಕಾಗದದ ಚೂರು ಎರಚಿ
ಭೂಮಿತಾಯಿಗೆ ಮೊದಲ ಗುಟುಕು ಕೊಟ್ಟು
ಸೀದಾ ನನ್ನ ಗ್ಯಾರೇಜಿಗೆ ಬಂದ.
"ಹದಿನೈದು ಕುದುರೆ ಹೆಚ್ಚಾಗಿದೆ, ದೋನ್ಯಾ ಎಲ್ವಿರಾ.
ಡಬ್ಬಿಯ ಮೇಲೇ ಬರೆದಿದೆ.
ನೀವು ಎಣಿಸಿಕೊಟ್ಟರೆ ಸಾಕು."

ಇದು ಎಲ್ ಆಲ್ಟೊ.
ಇಲ್ಲಿ ನೀರು ಬೇಗ ಕುದಿಯುತ್ತದೆ, ಆಲೂಗಡ್ಡೆ ಬೇಗ ಬೇಯುವುದಿಲ್ಲ.
ಹೊರಗಿನವರು ನಾಲ್ಕು ಮೆಟ್ಟಿಲಿಗೇ ಗೋಡೆ ಹಿಡಿಯುತ್ತಾರೆ.
ಜಪಾನಿನಲ್ಲಿ ನೂರು ಕುದುರೆ ಕಟ್ಟಿಕೊಂಡು ಹಡಗು ಹತ್ತಿದ ಕಾರು
ಈ ಬಯಲಿಗೆ ಏರಿ ಬರುವಷ್ಟರಲ್ಲಿ
ದಾರಿಯುದ್ದಕ್ಕೂ ಒಂದೊಂದನ್ನೇ ಬಿಚ್ಚಿ ಬಿಟ್ಟಿರುತ್ತದೆ.

ಚಕ್ರಗಳನ್ನು ರೋಲರಿನ ಮೇಲೆ ನಿಲ್ಲಿಸಿ ಪಟ್ಟಿ ಬಿಗಿದೆ.
ಬಾನೆಟ್ಟು ತೆರೆದೇ ಇತ್ತು. ಕಾಲು ಒತ್ತಿದೆ.
ಕೊಳವೆ ಕೂಗಿದ ಕೂಗಿಗೆ ಬೀದಿಯ ನಾಯಿಗಳೆಲ್ಲ ಎದ್ದವು.
ಅರವತ್ತೆರಡು.
"ಹಳೆಯ ಪೆಟ್ಟಿಗೆ ಎಲ್ಲಿ?"
ಡಿಕ್ಕಿಯಿಂದ ತಂದ, ಕಂಬಳಿಯಲ್ಲಿ ಸುತ್ತಿ,
ಸತ್ತ ಬೆಕ್ಕಿನ ಹಾಗೆ.
ಅದರೊಳಗಿನ ಕಾಗದದಲ್ಲಿ ಇಡೀ ಬಯಲುಸೀಮೆ ಇತ್ತು:
ಮಣ್ಣು, ಗರಿ, ಬಸ್ಸುಗಳ ಆರು ವರ್ಷದ ಹೊಗೆ.
ಅದನ್ನೇ ಹಾಕಿ ಅಳೆದೆ. ಐವತ್ತಾರು.
"ನೋಡಿದಿರಾ!" ಎಂದು ನನ್ನ ಬೆನ್ನು ತಟ್ಟಿದ,
ತಟ್ಟಿದ ಮೇಲೆ ನಾಚಿದ.

ತಾಳಪ್ಪಾ.
ಕಪಾಟಿನಿಂದ ಹೊಸ ಕಾಗದದ ಫಿಲ್ಟರು ತೆಗೆದೆ, ನಲವತ್ತೈದು ಬೊಲಿವಿಯಾನೊ.
ಅದೇ ಹಳೇ ಪೆಟ್ಟಿಗೆಗೆ ಹಾಕಿ ಒತ್ತಿದೆ.
ಅರವತ್ತೊಂದು.
ಆಮೇಲೆ ಮತ್ತೆ ಕೊಳವೆ ಕೂರಿಸಿ, ಬಾನೆಟ್ಟು ಮುಚ್ಚಿ,
ಸಂಜೆಯ ಟ್ರಾಫಿಕ್ಕಿನಲ್ಲಿ ನಿಂತಂತೆ ಹತ್ತು ನಿಮಿಷ ನಿಲ್ಲಿಸಿ ಅಳೆದೆ.
ಐವತ್ತೇಳು.
ಊರಿಗೆ ಊರೇ ಹೆಪ್ಪುಗಟ್ಟಿರುವಾಗ
ಇದು ರೇಡಿಯೇಟರಿನ ಹಿಂದೆ ಕೂತು
ತನ್ನದೇ ಬಿಸಿಯುಸಿರು ಕುಡಿಯುತ್ತಿತ್ತು.

ಅವನು ಅಣಬೆಯ ಮಡಿಕೆಯಲ್ಲಿ ಸಿಕ್ಕಿಕೊಂಡಿದ್ದ
ಒಂದು ಗುಲಾಬಿ ಚೂರನ್ನು ಉಗುರಿನಿಂದ ಬಿಡಿಸುತ್ತ ನಿಂತ.
ಬಾವಿಯಲ್ಲಿದ್ದರೆ ತಾನೇ ಬಿಂದಿಗೆಗೆ, ಅಂದೆ.
ಕುದುರೆ ಸಿಕ್ಕಿದ್ದು ನಿನ್ನ ಕಿವಿಗೆ, ಚಕ್ರಕ್ಕಲ್ಲ.
ಅಂದದ್ದು ಹೆಚ್ಚಾಯಿತೇನೋ.
ಎರಡು ತಿಂಗಳ ಬಾಡಿಗೆ ಅದು.

ಶನಿವಾರ ಕೊರೊಯಿಕೊಗೆ ಅವನ ಟ್ರಿಪ್ಪು.
ತಂಗಿಯ ಮಗುವಿನ ಮೊದಲ ಕೂದಲು ತೆಗೆಸುವುದಿತ್ತು,
ನಾನೂ ಹತ್ತಿದೆ, ಮುಂದಿನ ಸೀಟಿನಲ್ಲಿ.
ಕೊಳವೆ ಡಿಕ್ಕಿಯಲ್ಲಿತ್ತು, ಕಂಬಳಿಯಲ್ಲಿ.
ಕಣಿವೆ ದಾಟಿ ಮಂಜು ಹರಿದು
ಮೊದಲ ಬಾಳೆಗಿಡ ಕಂಡದ್ದೇ ತಡ,
ಎಂದೋ ಬಿಟ್ಟುಬಂದ ಕುದುರೆಗಳು
ತಿರುವಿಗೊಂದರಂತೆ ಓಡಿ ಬಂದು ಕಟ್ಟಿಸಿಕೊಂಡವು.
ಸಣ್ಣ ದಿಬ್ಬ ಸಿಕ್ಕಿತು. ಮೂರನೇ ಗೇರಿನಲ್ಲೇ ಹತ್ತಿತು,
ಏಳು ಜನ, ಎರಡು ಮೂಟೆ ಕಿತ್ತಳೆ, ಒಂದು ಸದ್ದಿಲ್ಲದ ಇಂಜಿನ್ನು.
ಅಬ್ದೋನ್ ನನ್ನ ಕಡೆ ನೋಡಲಿಲ್ಲ.
"ಗಾಳಿ," ಅಂದ. ಅಷ್ಟೇ.

ವಾಪಸು ಬರುವಾಗ ಕತ್ತಲಾಗಿತ್ತು.
ಉಂದುವಾವಿಯ ಚೆಕ್‌ಪೋಸ್ಟು ದಾಟಿ ಕಾರು ಏದುಸಿರು ಬಿಡತೊಡಗಿದಾಗ
ಪಕ್ಕಕ್ಕೆ ನಿಲ್ಲಿಸಿದ.
ಡಿಕ್ಕಿ ತೆಗೆದ. ಕಂಬಳಿ ಬಿಚ್ಚಿದ.
"ಏನಯ್ಯಾ, ಅಳೆದು ತೋರಿಸಿದೆನಲ್ಲ?"
"ತೋರಿಸಿದಿರಿ, ದೋನ್ಯಾ.
ಇಳಿಯುವಾಗ ಬೇಕಾಗಲಿಲ್ಲ.
ಹತ್ತುವಾಗ ನನ್ನ ಜೊತೆ ಏನಾದರೂ ಒಂದು ಕೂಗುತ್ತಿರಲಿ."

ಟಾರ್ಚು ಹಿಡಿದೆ.
ಅವನ ಬೆರಳು ಮರಗಟ್ಟಿತ್ತು, ಎರಡು ಕ್ಲಿಪ್ಪು ನಾನೇ ಬಿಗಿದೆ.
ಹಿಂದಿನ ಸೀಟಿನ ಮುದುಕಿ ಎಚ್ಚರಾಗಿ
"ಬಂತೇ ಮನೆ?" ಎಂದಳು.
ಕೊಳವೆ ಕೂಗಿತು. ಕಣಿವೆ ತಿರುಗಿ ಕೂಗಿತು.
ಮೈಲಿಗಲ್ಲಿನಿಂದ ಮೈಲಿಗಲ್ಲಿಗೆ
ನಾನು ಗಡಿಯಾರ ನೋಡಿಕೊಂಡೇ ಕೂತಿದ್ದೆ, ಚಾಳಿ.
ನೋಡಿದ್ದನ್ನು ಅವನಿಗೆ ಹೇಳಲಿಲ್ಲ.