ಎಲೆಗಳಿಗೆ ಸುದ್ದಿ

ಪೈನ್ ತೇಲುತ್ತದೆ, ಸ್ಪ್ರೂಸ್ ತೇಲುತ್ತದೆ,
ಭೂರ್ಜವನ್ನು ಮಾತ್ರ ನಂಬಬೇಡ
ಎನ್ನುತ್ತಿದ್ದಳು ಸೋದರತ್ತೆ ಲೆಂಪಿ,
ಸೈಮಾ ಸರೋವರದ ಮೇಲೆ ಹನ್ನೊಂದು ಬೇಸಿಗೆ
ದಿಮ್ಮಿ ಎಣಿಸಿದವಳು.
ತೊಗಟೆಯ ಬಿಳುಪಿಗೆ ಮರುಳಾಗಬೇಡ, ಒಳಗೆಲ್ಲ ನೀರು.
ಹಸಿಯಾಗಿ ನೂಕಿದರೆ
ನಾಲ್ಕು ಮೈಲಿ ಚೆನ್ನಾಗಿಯೇ ಬರುತ್ತದೆ,
ಆಮೇಲೆ ಒಂದು ತುದಿ ತಗ್ಗಿಸುತ್ತದೆ
ಏನೋ ನೆನಪಾದವರ ಹಾಗೆ.
ಆಮೇಲೆ ಇಲ್ಲ.

ಅದಕ್ಕೇ ಜೂನ್‌ನಲ್ಲಿ, ಎಲೆ ತುಂಬಿದ ಮೇಲೆ ಕಡಿಯಬೇಕು.
ಕಡಿದು, ಕೊಂಬೆ ಸವರದೆ, ಹಾಗೇ ಕೆಡವಿಡಬೇಕು.
ಎಲೆಗಳಿಗೆ ಇನ್ನೂ ಸುದ್ದಿ ತಲುಪಿರುವುದಿಲ್ಲ.
ಬುಡ ಹೋಯಿತೆಂದು ಅವಕ್ಕೆ ಯಾರು ಹೇಳಬೇಕು?
ಮೂರು ವಾರ, ನಾಲ್ಕು ವಾರ
ಬಿಸಿಲಿಗೆ ಬಾಯ್ದೆರೆದು
ಕಾಂಡದ ನೀರು ಹೀರಿ ಹೀರಿ ಗಾಳಿಗೆ ಕೊಟ್ಟು
ಕೊನೆಗೆ ತಾವೂ ಬಾಡುತ್ತವೆ.
ಆಗ ತೇಲುತ್ತದೆ ಭೂರ್ಜ.

ನನಗಾಗ ಏಳು.
ಅಡುಗೆ ತೆಪ್ಪದ ಅಂಚಲ್ಲಿ ಗಂಜಿ ಪಾತ್ರೆ ತೊಳೆಯುತ್ತ ಕೇಳಿದೆ:
ಹಾಗಾದರೆ ನಮ್ಮನ್ನೆಲ್ಲ ಎಳೆಯುವ ಈ ‘ಆಹ್ತಿ’?
ಪೂರಾ ಕಬ್ಬಿಣ. ಹೊಗೆಕೊಳವೆಯೇ ಅಪ್ಪನಿಗಿಂತ ಭಾರ.
ಅಪ್ಪನ ಕೊಕ್ಕೆಯ ಮೊಳೆ ಬೆರಳುದ್ದ,
ನಿನ್ನೆ ಕೈಜಾರಿ ಬುಳಕ್ಕನೆ ಹೋಯಿತಲ್ಲ?

ಲೆಂಪಿ ಪಾತ್ರೆ ಕಿತ್ತುಕೊಂಡಳು,
ಬಾಯಿ ಮೇಲಾಗಿ ನೀರಿಗಿಟ್ಟಳು. ಒತ್ತು, ಅಂದಳು.
ಒತ್ತಿದೆ. ಕರು ಮೂತಿಯಿಂದ ತಿವಿದ ಹಾಗೆ
ಕೆಳಗಿನಿಂದ ನೀರು ತಿವಿಯಿತು.
ಇನ್ನೂ ಒತ್ತು. ಒತ್ತಿದಷ್ಟೂ ಹಟ.

ನೀರು ಬರೀ ತೂಕ ಕೇಳುವುದಿಲ್ಲ ಕಣೆ.
ಎಷ್ಟು ನೀರನ್ನು ಎಬ್ಬಿಸಿ ಆ ಜಾಗದಲ್ಲಿ ಕೂತೆ
ಎಂದೂ ಕೇಳುತ್ತದೆ.
ಎಬ್ಬಿಸಿದ ನೀರು ನಿನ್ನಷ್ಟೇ ತೂಗಿದರೆ ಹೊತ್ತುಕೊಳ್ಳುತ್ತದೆ,
ಇಲ್ಲವಾದರೆ ದಾರಿ ಬಿಡುತ್ತದೆ.
ಮೊಳೆ ಎಬ್ಬಿಸಿದ್ದು ಎಷ್ಟು, ಒಂದು ತೊಟ್ಟು?
ಹಡಗು ಹೊಟ್ಟೆಯೊಳಗೆ ಬರಿದು ಇಟ್ಟುಕೊಂಡಿದೆ, ಕೋಣೆ ಕೋಣೆ ಬರಿದು.
ಅದಕ್ಕೇ ಅಷ್ಟು ಜಂಬ.

ಎಂದು, ಪಾತ್ರೆಯ ಅಂಚನ್ನು ಒಂದಿಷ್ಟು ವಾಲಿಸಿದಳು.
ಅಷ್ಟೇ ಸಾಕಾಯಿತು.
ಅಮ್ಮ ಬೈದದ್ದು ಅವಳನ್ನಲ್ಲ, ನನ್ನನ್ನು.

ಅಪ್ಪ ತಾವೆಟ್ಟಿಗೆ ಈಜು ಬರುತ್ತಿರಲಿಲ್ಲ.
ದಿಮ್ಮಿಯಿಂದ ದಿಮ್ಮಿಗೆ ನೆಗೆಯುವವನಿಗೆ ಈಜು ಯಾಕೆ,
ಬೂಟಿಗೆ ನೀರು ತುಂಬಿದ ಮೇಲೆ ಈಜು ಯಾಕೆ, ಎನ್ನುತ್ತಿದ್ದ.
ಮರುವರ್ಷ ಮೇ, ಹಿಮ ಒಡೆದ ವಾರ,
ಅವನ ಕಾಲಡಿ ಒಂದು ಭೂರ್ಜ ತುದಿ ತಗ್ಗಿಸಿತು.
ಹೋದ ಜೂನಿನಲ್ಲಿ ಯಾರೋ ಅವಸರಪಟ್ಟು
ಎಲೆ ಬಾಡುವ ಮುನ್ನವೇ ಕೊಂಬೆ ಸವರಿದ್ದರು.

ದೋಣಿಗಳು ಕೊಕ್ಕೆ ಇಳಿಬಿಟ್ಟು ನಾಲ್ಕು ದಿನ ಹುಡುಕಿದವು.
ಲೆಂಪಿ ಮಾತ್ರ ದಡದಲ್ಲಿ ಕೂತು ನೀರಿಗೆ ಕೈ ಅದ್ದುತ್ತಿದ್ದಳು,
ಕೂಸಿನ ಸ್ನಾನಕ್ಕೆ ಹದ ನೋಡುವವಳ ಹಾಗೆ.
ಇನ್ನೂ ತಣ್ಣಗಿದೆ, ಅನ್ನುತ್ತಿದ್ದಳು.
ಬೆಚ್ಚಗಾಗಲಿ.
ಪಾದ್ರಿಗೆ ಸಿಟ್ಟು ಬಂತು.

ನಾನು ಆ ದಿನಗಳಲ್ಲಿ ಶಾಲೆಗೆ ಹೋದೆ.
ಏಳರ ಮಗ್ಗಿ ತಪ್ಪಿಲ್ಲದೆ ಹೇಳಿದೆ.
ಹಲ್ಲೊಂದು ಬಿತ್ತು,
ಅಪ್ಪನಿಗೆ ತೋರಿಸಲೆಂದು ಬೆಂಕಿಪೊಟ್ಟಣದಲ್ಲಿ ಎತ್ತಿಟ್ಟೆ.

ಜೂನ್ ಹದಿನೇಳು, ಬೆಳಗಿನ ಎಣಿಕೆ.
ಪೈನ್ ಇನ್ನೂರ ಹನ್ನೆರಡು,
ಸ್ಪ್ರೂಸ್ ಎಂಬತ್ತು,
ಭೂರ್ಜ
ಎಂದವಳು ಪೆನ್ಸಿಲ್ ಕೆಳಗಿಟ್ಟಳು.

ಈಗ ಎಪ್ಪತ್ತನಾಲ್ಕು ನನಗೆ.
ಮುಳುಗಿದ ದಿಮ್ಮಿಗಳನ್ನು ಹುಡುಗರು ಗಾಳಿಚೀಲ ಕಟ್ಟಿ ಎತ್ತುತ್ತಾರೆ.
ತಳದ ಕತ್ತಲಲ್ಲಿ ಹುಳವಿಲ್ಲ, ಗಾಳಿಯಿಲ್ಲ, ಮರ ಕೆಡುವುದಿಲ್ಲ.
ಸೌನಾ ಕಟ್ಟುವವರು ಒಳ್ಳೆ ಬೆಲೆ ಕೊಡುತ್ತಾರಂತೆ.
ತುದಿಯಲ್ಲಿ ಕಂಪನಿಯ ಸುತ್ತಿಗೆ ಗುರುತು
ಇನ್ನೂ ಹಾಗೇ: ಎರಡು ಗೆರೆ, ಒಂದು ಚುಕ್ಕೆ.

ಹೋಗಿ ದಡದಲ್ಲಿ ನಿಲ್ಲುತ್ತೇನೆ.
ಪೈನ್ ಬಂದರೆ ಸುಮ್ಮನಿರುತ್ತೇನೆ.
ಭೂರ್ಜ ಬಂದರೆ ಹತ್ತಿರ ಹೋಗುತ್ತೇನೆ.
ಯಾವುದೆಂದು ತಿಳಿಯುವುದಿಲ್ಲ, ಗೊತ್ತು.
ಏನಾದರೂ ಬೇಕಿತ್ತಾ ಅಜ್ಜಿ, ಎಂದ ಒನ್ನಿ,
ರಬ್ಬರು ಬಟ್ಟೆಯಿಂದ ನೀರು ಸುರಿಸುತ್ತ.

ಒಂದು ಗಂಜಿ ಪಾತ್ರೆ ಸಿಕ್ಕರೆ
ಹೇಳಪ್ಪ, ಅಂದೆ.