ಅಗಲದ ಹಾಸಿಗೆ

ಸೀಮೆಸುಣ್ಣದ ಗೆರೆ ಹಿಡಿದು ಚಾಸಿ ಕೊಯ್ದೆವು,
ನಾಲ್ಕು ಮೊಳ ಉಕ್ಕು ಸೇರಿಸಿ ಬೆಸೆದೆವು.
ನೆಬ್ರಾಸ್ಕಾದ ಗಾಳಿ ಶೆಡ್ಡಿಗೂ ನುಗ್ಗಿ
ಕಿಡಿಗಳನ್ನು ಅಟ್ಟಾಡಿಸಿತು.

ಇಪ್ಪತ್ತೆರಡು ವರ್ಷ ವರ್ಲಿನ್ ಮಲಗಿದ್ದ ಮೆತ್ತೆ
ಗೋಡೆಗೊರಗಿತ್ತು,
ನಡುವೆ ಒಂದೇ ಮೈಯ ತಗ್ಗು.

ಒಡೆಟ್ ಗೇಣು ಹಾಕಿ ಅಳೆದಳು:
ಒಲೆ ಇಲ್ಲಿ, ಸಿಂಕು ಅಲ್ಲಿ,
ಕಿಟಕಿ ದಿಂಬಿನ ಮಟ್ಟಕ್ಕೆ,
ಕಣ್ಣು ಬಿಟ್ಟರೆ ಯಾವ ರಾಜ್ಯವೆಂದು ಗೊತ್ತಾಗಬೇಕು.

ಒಂದು ಟನ್ನು ಸರಕು ಕಮ್ಮಿ ಹೇರಬೇಕಾಗುತ್ತೆ, ಎಂದೆ.
ಅವನು ಮೂಗು ಒರೆಸಿಕೊಂಡು ಸಹಿ ಹಾಕಿದ.

ಮೊದಲ ರಾತ್ರಿ ನನ್ನ ಅಂಗಳದಲ್ಲೇ ತಂಗಿದರು.
ಬೆಳಿಗ್ಗೆ ಕಾಫಿ ಒಯ್ದರೆ ಬಾಗಿಲು ಅರೆತೆರೆದಿತ್ತು:
ಅಷ್ಟಗಲ ಹಾಸಿಗೆಯ ಅಂಚಿಗೆ
ಮೊಣಕಾಲು ಮಡಚಿಕೊಂಡು
ಹಳೆಯ ಮೆತ್ತೆಯಷ್ಟೇ ಜಾಗದಲ್ಲಿ ಅವನು.

ಉಳಿದ ಬಯಲಿಗೆಲ್ಲ
ಅವಳು, ಅಡ್ಡಡ್ಡ.